ಮೊದಲು ಕನ್ನಡ, ಆಮೇಲೆ ಇಟಾಲಿಯನ್: ನಮ್ಮೂರ ಹೈಸ್ಕೂಲು ಮಕ್ಕಳಿಗೆ ಕಲಿಸುವ ಸಮಗ್ರ ಮಾರ್ಗದರ್ಶಿ

ದಾವಣಗೆರೆಯ ಯಾವ ಶಾಲೆಯ ಗೇಟಿನ ಮುಂದಾದರೂ ಐದು ನಿಮಿಷ ನಿಲ್ಲಿ. ಸೊಪ್ಪಿನ ಕಟ್ಟೋ ಮಂಡಕ್ಕಿ ಚೀಲವೋ ಹೊತ್ತ ಆಪೆ ಗಾಡಿಯೊಂದು ಹಾದುಹೋಗುತ್ತದೆ. 'ಆಪೆ' ಇಟಾಲಿಯನ್ ಮಾತು, ಜೇನುನೊಣ ಎಂದರ್ಥ. ಅದನ್ನು ತಯಾರಿಸುವ ಪಿಯಾಜಿಯೊ ಕಂಪನಿಯೇ 1946ರಲ್ಲಿ ಹೊರತಂದ ಸ್ಕೂಟರಿನ ಹೆಸರು ವೆಸ್ಪ, ಅಂದರೆ ಕಣಜ. ಎರಡು ವರ್ಷ ಬಿಟ್ಟು, 1948ರಲ್ಲಿ, ಈ ಜೇನುನೊಣ ಬಂತು. ಇಂಗ್ಲಿಷ್ ಅಕ್ಷರ ನೋಡಿ ಓದಿದರೆ ಆ ಹೆಸರು ಬೇರೇನೋ ಆಗಿಬಿಡುತ್ತದೆ. ನಮ್ಮ ಡ್ರೈವರುಗಳು ಮಾತ್ರ ಇಟಲಿಯವರು ಹೇಳುವಂತೆಯೇ, ಮೊದಲ ಸ್ವರ ಎಳೆದು, ಕೊನೆಯ ಎಕಾರವನ್ನು ನುಂಗದೆ, 'ಆಪೆ' ಅನ್ನುತ್ತಾರೆ.

ಪ್ರತಿ ಜೂನಿನಲ್ಲಿ ನನ್ನ ಇಟಾಲಿಯನ್ ತರಗತಿ ಶುರುವಾಗುವುದು ಈ ಗಾಡಿಯಿಂದ. ಕನ್ನಡ ಮಾತಾಡುವ ಮಗುವಿಗೆ ಇಟಾಲಿಯನ್ ಕಲಿಸುವಾಗ ಇಂಗ್ಲಿಷನ್ನು ನಡುವೆ ತಂದು ನಿಲ್ಲಿಸಬೇಡಿ. ಈ ಬರಹದುದ್ದಕ್ಕೂ ನಾನು ಹೇಳುವುದು ಇದನ್ನೇ. ಮೊದಲ ವರ್ಷ ನಾನೂ ಇಂಗ್ಲಿಷಿನ ಮೂಲಕವೇ ಕಲಿಸಿದೆ. ಕೈಗೆ ಸಿಗುವ ಪುಸ್ತಕ, ಮೊಬೈಲ್ ಆ್ಯಪ್ ಎಲ್ಲವೂ ಹಾಗೇ ಇದ್ದವು. ಮಕ್ಕಳು ಎರಡು ಭಾಷೆಯ ಭಾರವನ್ನು ಒಟ್ಟಿಗೆ ಹೊತ್ತರು, ದೀಪಾವಳಿಯ ಹೊತ್ತಿಗೆ ಅರ್ಧ ಜನ ಬರುವುದನ್ನು ಬಿಟ್ಟರು. ಎರಡನೆಯ ವರ್ಷದಿಂದ ದಾರಿ ಬದಲಿಸಿದೆ. ಆ ದಾರಿಯನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಶುರು ಮಾಡುವ ಮೊದಲು

ಎಂಟು ಮತ್ತು ಒಂಬತ್ತನೆಯ ತರಗತಿಯ ಮಕ್ಕಳನ್ನು ಮಾತ್ರ ಸೇರಿಸಿಕೊಳ್ಳಿ. ಹತ್ತನೆಯವರಿಗೆ ಎಸ್ಸೆಸ್ಸೆಲ್ಸಿ ಇದೆ. ಅವರು ಆಸೆಪಟ್ಟು ಬಂದರೂ ಮುಂದಿನ ವರ್ಷ ಬನ್ನಿ ಎಂದು ಹೇಳಿ ಕಳಿಸುವುದೇ ಒಳ್ಳೆಯದು. ಹದಿನಾರು ಮಕ್ಕಳು ಸಾಕು. ಹದಿನಾರೇ ಏಕೆ ಎನ್ನುವುದು ಮುಂದೆ ಗೊತ್ತಾಗುತ್ತದೆ. ವಾರಕ್ಕೆ ಎರಡು ತರಗತಿ, ಒಂದೊಂದೂ ನಲವತ್ತೈದು ನಿಮಿಷ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಒಂದು, ವಾರದ ನಡುವೆ ಸಂಜೆ ಒಂದು. ಮುಖ್ಯ ಶಿಕ್ಷಕರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ, ಸಭೆಯಲ್ಲೂ ವಿಷಯ ತಿಳಿಸಿ.

'ಇದರಿಂದ ಏನ್ರೀ ಉಪಯೋಗ?' ಎಂದು ಪಾಲಕರು ಕೇಳಿಯೇ ಕೇಳುತ್ತಾರೆ. ಇಟಲಿಯಲ್ಲಿ ಕೆಲಸ ಸಿಗುತ್ತದೆಂದು ಆಸೆ ಹುಟ್ಟಿಸಬೇಡಿ. ಒಂದು ಭಾಷೆಯನ್ನು ಮೊದಲಿನಿಂದ ಕಟ್ಟಿಕೊಳ್ಳುವುದು ಹೇಗೆಂದು ಗೊತ್ತಾದ ಮಗುವಿಗೆ ಮುಂದೆ ಜರ್ಮನ್ನೋ ಜಪಾನಿಯೋ ಬೇಕಾದಾಗ ಅಂಜಿಕೆ ಇರುವುದಿಲ್ಲ ಎಂದು ಹೇಳಿ. ನನ್ನ ತರಗತಿಯಲ್ಲಿ ಕನ್ನಡ ವ್ಯಾಕರಣದ ಅಂಕಗಳೂ ಏರಿದವು. ವಿಭಕ್ತಿ ಪ್ರತ್ಯಯ ಏಕೆ ಬೇಕು ಎನ್ನುವುದು ಅದಿಲ್ಲದ ಭಾಷೆಯನ್ನು ನೋಡಿದಾಗಲೇ ಮಕ್ಕಳಿಗೆ ಹೊಳೆಯುವುದು.

ಇನ್ನು ನಿಮ್ಮ ತಯಾರಿ. ಯುರೋಪಿನ ಭಾಷಾ ಮಟ್ಟಗಳಲ್ಲಿ ಎ1, ಎ2, ಬಿ1 ಎಂದು ಏರುತ್ತಾ ಹೋಗುತ್ತದೆ. ನೀವು ಎ2 ದಾಟಿ ಬಿ1 ಕಡೆಗೆ ಹೊರಟಿರಬೇಕು. ಮಕ್ಕಳಿಗಿಂತ ಒಂದು ಪಾಠ ಮುಂದೆ ಇದ್ದರೆ ಸಾಕು ಎನ್ನುವ ಮಾತು ಗಣಿತಕ್ಕೆ ನಡೆದೀತು, ಉಚ್ಚಾರಕ್ಕೆ ನಡೆಯದು.

ಮೊದಲ ಮೂರು ವಾರ: ಕಿವಿ, ಬಾಯಿ, ಒತ್ತಕ್ಷರ

ಈ ಮೂರು ವಾರ ಇಟಾಲಿಯನ್ ಲಿಪಿಯನ್ನು ಹಲಗೆಯ ಮೇಲೆ ಬರೆಯಲೇಬೇಡಿ. ಕನ್ನಡದಲ್ಲೇ ಬರೆಯಿರಿ. ಇಂಗ್ಲಿಷ್ ಮಾತಾಡುವವರು ಇಟಾಲಿಯನ್ ಕಲಿಯುವಾಗ ತಿಂಗಳುಗಟ್ಟಲೆ ಹೆಣಗುವುದು ಒಂದೇ ಕಡೆ, ಒತ್ತಿ ಹೇಳುವ ವ್ಯಂಜನದಲ್ಲಿ. ನಮ್ಮ ಮಕ್ಕಳು ಅದನ್ನು ಒಂದನೆಯ ತರಗತಿಯಲ್ಲೇ 'ಅಕ್ಕ, ಅಜ್ಜ, ಅಣ್ಣ' ಎನ್ನುತ್ತಾ ಕಲಿತುಬಿಟ್ಟಿರುತ್ತಾರೆ.

ಈ ಜೋಡಿಗಳನ್ನು ಬರೆಯಿರಿ. ಪಾಲ ಎಂದರೆ ಸಲಿಕೆ, ಪಲ್ಲ ಎಂದರೆ ಚೆಂಡು. ಸೇತೆ ಬಾಯಾರಿಕೆ, ಸೆತ್ತೆ ಏಳು. ನೋನೊ ಒಂಬತ್ತನೆಯದು, ನೊನ್ನೊ ಅಜ್ಜ. ಕಾನೆ ನಾಯಿ, ಕನ್ನೆ ಜೊಂಡಿನ ಕಡ್ಡಿಗಳು. ಪೇನ ದುಃಖ, ಪೆನ್ನ ಎಂದರೆ ನಮ್ಮ ಪೆನ್ನೇ. ಕಪೆಲ್ಲೊ ಕೂದಲು, ಕಪ್ಪೆಲ್ಲೊ ಟೋಪಿ. ಕೊನೆಯದನ್ನು ಹೇಳಿದ ಕೂಡಲೇ ಯಾರಾದರೂ 'ಕಪ್ಪೆ ಎಲ್ಲೋ?' ಅಂತಾರೆ. ಅನ್ನಲಿ, ಆ ಪದ ಇನ್ನು ಮರೆಯುವುದಿಲ್ಲ.

ಬರೆದ ಮೇಲೆ ಮಕ್ಕಳನ್ನೇ ಕೇಳಿ, ಇಲ್ಲಿ ಏನು ನಿಯಮ ಕಾಣುತ್ತದೆ ಎಂದು. ದನಿ ಏರುವ ಕಡೆ ಒತ್ತಕ್ಷರ ಬಂದರೆ ಹಿಂದಿನ ಸ್ವರ ಹ್ರಸ್ವ, ಬಾರದಿದ್ದರೆ ದೀರ್ಘ ಎಂದು ಹತ್ತು ನಿಮಿಷದೊಳಗೆ ಅವರೇ ಹೇಳುತ್ತಾರೆ. ಛಂದಸ್ಸಿನ ಗುರು-ಲಘು ಓದಿದ ಒಂಬತ್ತನೆಯ ತರಗತಿಯವರಿಗೆ ಇದು ಇನ್ನೂ ಬೇಗ ಹತ್ತುತ್ತದೆ. 'ಅನ್ನೊ' ಎಂದರೆ ವರ್ಷ. ಅದರ ಒತ್ತು ಬಿಟ್ಟರೆ ಹೊರಗೆ ಹೇಳಬಾರದ ಮಾತಾಗುತ್ತದೆ. ವಯಸ್ಸು ಹೇಳುವ ಪಾಠಕ್ಕೆ ಮುಂಚೆ ಈ ಒತ್ತನ್ನು ಗಟ್ಟಿ ಮಾಡಿಸಿ, ಕಾರಣ ವಿವರಿಸುವ ಅಗತ್ಯವಿಲ್ಲ.

ಎರಡನೆಯ ವಾರ ತ ಮತ್ತು ದ. ಇಟಾಲಿಯನ್ನಿನಲ್ಲಿ ನಾಲಿಗೆ ಹಲ್ಲಿಗೆ ತಾಗಬೇಕು, ನಮ್ಮ ತಕಾರ ದಕಾರದ ಹಾಗೆ. ಆದರೆ ಇಂಗ್ಲಿಷ್ ಮಾಧ್ಯಮದ ಮಕ್ಕಳು ರೋಮನ್ ಅಕ್ಷರ ಕಂಡ ಕೂಡಲೇ ಟ, ಡ ಅನ್ನುತ್ತಾರೆ. 'ಎಲ್ಲಾ' ಎನ್ನುವ ಮಾತಿಗೆ ಇಟಾಲಿಯನ್ ಪದ ತುತ್ತೊ. ಅನ್ನದ ತುತ್ತನ್ನು ನೆನಪಿಸಿ, ಟುಟ್ಟೊ ತಾನಾಗಿ ಬಿಟ್ಟುಹೋಗುತ್ತದೆ. ಲಿಪಿಯನ್ನು ಮೂರು ವಾರ ಮುಚ್ಚಿಡಲು ನನಗೆ ಇದೇ ದೊಡ್ಡ ಕಾರಣ.

ಮೂರನೆಯ ವಾರ ಞಕಾರ. ವರ್ಣಮಾಲೆಯಲ್ಲಿ ಬಾಯಿಪಾಠ ಮಾಡಿ ಆಮೇಲೆ ಒಂಟಿಯಾಗಿ ಬಳಸುವುದೇ ಅಪರೂಪವಾದ ಅಕ್ಷರಕ್ಕೆ ಇಲ್ಲಿ ದಿನವೂ ಕೆಲಸ. ಒಞ್ಞಿ ಎಂದರೆ ಪ್ರತಿಯೊಂದು, ಬಞ್ಞೊ ಬಚ್ಚಲು, ಸಿಞ್ಞೋರ ಎಂದರೆ ಅಮ್ಮನವರು. ಕೊನೆಗೆ ಕನ್ನಡದಲ್ಲಿ ಇಲ್ಲದ ಸದ್ದುಗಳು. 'ಫಮಿಲ್ಲ್ಯ' ಎನ್ನುವಾಗಿನ ಲಕಾರಕ್ಕೆ ನಾಲಿಗೆಯ ನಡುಭಾಗ ಅಂಗುಳಕ್ಕೆ ಒತ್ತಿಕೊಳ್ಳಬೇಕು. 'ಪಿತ್ಸ' ಎನ್ನುವಾಗ ತ ಮತ್ತು ಸ ಒಂದೇ ಉಸಿರಿನಲ್ಲಿ ಒತ್ತಿ ಬರಬೇಕು. ಇವಕ್ಕೆ ನಿಮ್ಮ ಬಾಯಿಗಿಂತ ಇಟಲಿಯವರ ಧ್ವನಿಯೇ ಬೇಕು. ನಮ್ಮೂರಲ್ಲಿ ಇಟಾಲಿಯನ್ ಮಾತಾಡುವವರು ಸಿಗುವುದು ಕಷ್ಟ. ಮೊಬೈಲಿಗೆ ಚಿಕ್ಕ ಸ್ಪೀಕರ್ ಜೋಡಿಸಿ ಇಟಲಿಯ ಹವಾಮಾನ ವರದಿ ಕೇಳಿಸಿ. ಒಂದೆರಡು ನಿಮಿಷದ್ದು, ಅವವೇ ಪದಗಳು, ಕೊನೆಯಲ್ಲಿ ಊರ ಹೆಸರುಗಳು. ಹಾಡಿಗಿಂತ ಇದು ಮೇಲು ಎನ್ನುವುದು ನನ್ನ ಅನುಭವ, ಹಾಡಿನಲ್ಲಿ ರಾಗಕ್ಕಾಗಿ ಸ್ವರ ಎಳೆಯುವುದರಿಂದ ಹ್ರಸ್ವ ದೀರ್ಘ ಕಲಸಿಹೋಗುತ್ತದೆ.

ನಾಲ್ಕನೆಯ ವಾರ: ಲಿಪಿ

ಈಗ ಕನ್ನಡ ಲಿಪಿಯನ್ನು ಅಳಿಸಿ, ಮತ್ತೆ ಬರೆಯಬೇಡಿ. ಮಕ್ಕಳಿಗೆ ಗೊತ್ತಿರುವ ಇಪ್ಪತ್ತಾರು ಅಕ್ಷರಗಳಲ್ಲಿ ಇಟಾಲಿಯನ್ ತನ್ನದೆಂದು ಬಳಸುವುದು ಇಪ್ಪತ್ತೊಂದನ್ನು. ಜೆ, ಕೆ, ಡಬ್ಲ್ಯು, ಎಕ್ಸ್, ವೈ ಬರುವುದು ಪರಭಾಷೆಯ ಮಾತುಗಳಲ್ಲಿ.

ತೊಡಕು ಇರುವುದು ಸಿ ಮತ್ತು ಜಿ ಎರಡರಲ್ಲೇ. ಸಿ ಮುಂದೆ ಇ ಅಥವಾ ಐ ಬಂದರೆ ಚಕಾರ, ಉಳಿದ ಕಡೆ ಕಕಾರ. ಜಿಗೂ ಹಾಗೆಯೇ, ಜ ಮತ್ತು ಗ. ನಡುವೆ ಎಚ್ ಬಂದು ನಿಂತರೆ ಮತ್ತೆ ಕ, ಗ ಆಗುತ್ತದೆ. ಎಚ್‌ಗೆ ಸ್ವಂತ ಸದ್ದಿಲ್ಲ. ಇಂಗ್ಲಿಷ್ ಓದಿದ ಮಕ್ಕಳು ಸಿ ಎಚ್ ಕಂಡರೆ ಚ ಅನ್ನುವುದು ಸಹಜ, ಇಲ್ಲಿ ಅದು ತಲೆಕೆಳಗು. ಲಂಬೊರ್ಗಿನಿ ಕಾರಿನ ಹೆಸರನ್ನು ಬರೆಸಿ. ಜಿ ಪಕ್ಕದ ಎಚ್ ಅನ್ನು ಕೈಯಿಂದ ಮುಚ್ಚಿ, ಲಂಬೊರ್ಜಿನಿ ಆಗುತ್ತದೆ. ಕೈ ತೆಗೆದರೆ ಗಕಾರ ಮರಳಿ ಬರುತ್ತದೆ. ಹುಡುಗರು ಇದನ್ನು ಸ್ಪಗೆತ್ತಿಯ ಪೊಟ್ಟಣದ ಮೇಲೂ ಹುಡುಕಿ ತಂದು ತೋರಿಸುತ್ತಾರೆ.

ಮೊದಲ ವಾಕ್ಯಗಳು: 'ನನಗೆ' ಎಂದು ಶುರು ಮಾಡಿ

ಎಲ್ಲ ಪುಸ್ತಕಗಳೂ 'ನಾನು ಇಂಥವನು, ನನ್ನ ಹೆಸರು ಇಂಥದ್ದು' ಎಂದು ಆರಂಭಿಸುತ್ತವೆ. ಅದು ಎರಡು ದಿನದ ಕೆಲಸ, ಮುಗಿಸಿಬಿಡಿ. ತರಗತಿ ಕಣ್ಣರಳಿಸುವುದು 'ಮಿ ಪಿಯಾಚೆ' ಕಲಿತ ದಿನ.

ಮಿ ಎಂದರೆ ನನಗೆ. ಪಿಯಾಚೆ ಎಂದರೆ ಇಷ್ಟವಾಗುತ್ತದೆ. 'ಮಿ ಪಿಯಾಚೆ ಲ ದೋಸ', ನನಗೆ ದೋಸೆ ಇಷ್ಟವಾಗುತ್ತದೆ. ಪದಕ್ಕೆ ಪದ ಕೂಡುತ್ತದೆ. ಇಷ್ಟಪಡುವವರು ಚತುರ್ಥಿಯಲ್ಲಿ, ಇಷ್ಟವಾಗುವ ವಸ್ತುವೇ ಕರ್ತೃ. ವಸ್ತು ಬಹುವಚನವಾದರೆ ನಮ್ಮ 'ಆಗುತ್ತದೆ' ಹೇಗೆ 'ಆಗುತ್ತವೆ' ಆಗುತ್ತದೋ, ಅಲ್ಲಿ ಪಿಯಾಚೆ ಹಾಗೆಯೇ ಪಿಯಚ್ಚೊನೊ ಆಗುತ್ತದೆ. ಇಂಗ್ಲಿಷಿನಲ್ಲಿ 'ನಾನು' ಕರ್ತೃವಾಗಿ ನಿಲ್ಲುವುದರಿಂದ, ಆ ದಾರಿಯಲ್ಲಿ ಬಂದ ನನ್ನ ಮೊದಲ ವರ್ಷದ ಮಕ್ಕಳು 'ಇಯೊ ಪಿಯಚ್ಚೊ' ಎಂದರು. ಅದರ ಅರ್ಥ 'ನಾನು ಇಷ್ಟವಾಗುತ್ತೇನೆ'. ಆ ತಪ್ಪನ್ನು ತಿದ್ದಲು ನನಗೆ ಎರಡು ತಿಂಗಳು ಹಿಡಿಯಿತು. ಕನ್ನಡದಿಂದ ಹೊರಟ ಮಕ್ಕಳಿಗೆ ಒಂದು ತರಗತಿ ಸಾಕಾಯಿತು.

ಇದೇ ಅಚ್ಚಿನಲ್ಲಿ ಇನ್ನಷ್ಟು ಕೊಡಿ. 'ಮಿ ಸೆರ್ವೆ ಉನ ಪೆನ್ನ', ನನಗೆ ಒಂದು ಪೆನ್ನು ಬೇಕು. 'ಮಿ ಫ ಮಾಲೆ ಲ ತೆಸ್ತ', ನನಗೆ ತಲೆ ನೋಯುತ್ತಿದೆ. ಹದಿನಾರು ಮಕ್ಕಳೂ ಬೆಣ್ಣೆ ದೋಸೆ, ಮಿರ್ಚಿ, ಕ್ರಿಕೆಟ್, ಗಣಿತ, ಮಳೆ ಎಂದು ತಮ್ಮ ತಮ್ಮ ಇಷ್ಟ ಹೇಳಲಿ. ಬೆಣ್ಣೆಗೆ ಬುರ್ರೊ ಎನ್ನುತ್ತಾರೆ ಎಂದಾಗ ಒಬ್ಬ ಹುಡುಗಿ ಎದ್ದು, 'ಸರ್, ರಕಾರಕ್ಕೂ ಒತ್ತು ಐತ್ರಿ' ಎಂದಳು. ಒತ್ತಕ್ಷರ ಕಿವಿಗೆ ಹೊಕ್ಕಿದೆ ಎಂದು ನನಗೆ ಖಾತ್ರಿಯಾದದ್ದು ಅವತ್ತು.

ಎಲ್ಲ ಕಡೆಯೂ ಕನ್ನಡ ಕೈ ಹಿಡಿಯುತ್ತದೆಂದು ನಂಬಬೇಡಿ. 'ನನಗೆ ಹಸಿವು', 'ನನಗೆ ಹದಿನಾಲ್ಕು ವರ್ಷ' ಎನ್ನುವಲ್ಲಿ ಇಟಾಲಿಯನ್ನರು ಹಸಿವನ್ನೂ ವರ್ಷವನ್ನೂ ಹೊಂದಿರುತ್ತಾರೆ, 'ಒ ಫಾಮೆ', 'ಒ ಕ್ವತ್ತೊರ್ದಿಚಿ ಅನ್ನಿ'. ನಮ್ಮ ಆಡುಮಾತಿನಲ್ಲಿ ಅಂಥ ಕ್ರಿಯಾಪದ ಇಲ್ಲ, ನಾವು 'ನನ್ನ ಹತ್ರ ಇದೆ' ಎಂದು ಸುತ್ತಿ ಹೇಳುತ್ತೇವೆ. ಈ ಎರಡನ್ನೂ ಒಂದು ವಾರ ಬೇರೆಯಾಗಿಯೇ ಬಳಸಿ ರೂಢಿ ಮಾಡಿಸಿ. ಪದಗಳ ಸಾಲಿಗೂ ಕನ್ನಡ ಸಹಾಯಕ್ಕೆ ಬರದು, ಕ್ರಿಯಾಪದ ಅಲ್ಲಿ ಕೊನೆಗೆ ಹೋಗುವುದಿಲ್ಲ. ಇಂಗ್ಲಿಷಿಗೆ ಕರೆ ಕಳಿಸಬೇಕಾದ ಜಾಗ ಇದೊಂದೇ.

ಕ್ರಿಯಾಪದ: ನಾಲ್ವರ ಗುಂಪು, ಮಗ್ಗಿಯ ರಾಗ

1623ರಲ್ಲಿ ಪಿಯೆತ್ರೊ ದೆಲ್ಲ ವಲ್ಲೆ ಎಂಬ ರೋಮಿನ ಪ್ರವಾಸಿ ಘಟ್ಟ ಹತ್ತಿ ನಮ್ಮ ಮಲೆನಾಡಿನ ಇಕ್ಕೇರಿಗೆ ಬಂದ. ದಾರಿಯಲ್ಲಿ ದೇವಸ್ಥಾನದ ಜಗಲಿಯೊಂದರ ಮೇಲೆ ನಾಲ್ಕು ಹುಡುಗರು ಲೆಕ್ಕ ಕಲಿಯುವುದನ್ನು ನೋಡಿದ. ನೆಲಕ್ಕೆ ನುಣ್ಣನೆಯ ಮರಳು ಹರಡಿದ್ದರು. ಒಬ್ಬ ರಾಗವಾಗಿ ಹೇಳುತ್ತಾ ಬೆರಳಿನಿಂದ ಬರೆದ, ಉಳಿದವರು ಅದನ್ನೇ ಹಾಡಿ ಬರೆದರು. ಗುರುಗಳು ಹತ್ತಿರ ಇರಲಿಲ್ಲ. ತಪ್ಪಾದರೆ ತಿದ್ದುವವರು ಯಾರೆಂದು ಇವನು ಕೇಳಿದ. ನಾಲ್ವರೂ ಒಂದೇ ಜಾಗದಲ್ಲಿ ಮರೆಯುವುದಿಲ್ಲ, ಒಬ್ಬ ತಪ್ಪಿದರೆ ಉಳಿದವರು ತಿದ್ದುತ್ತೇವೆ ಎಂದರಂತೆ ಹುಡುಗರು. ರಾಗವಾಗಿ ಹೇಳಿದ್ದು ನೆನಪಿನಲ್ಲಿ ಆಳವಾಗಿ ನಿಲ್ಲುತ್ತದೆ ಎಂದೂ ಅವನು ತನ್ನೂರಿಗೆ ಇಟಾಲಿಯನ್ನಿನಲ್ಲೇ ಕಾಗದ ಬರೆದ.

ಹದಿನಾರು ಮಕ್ಕಳು ಏಕೆಂದರೆ ನಾಲ್ಕು ನಾಲ್ಕರ ಗುಂಪಿಗಾಗಿ. 'ಮಾತಾಡು' ಕ್ರಿಯಾಪದವನ್ನು ಮಗ್ಗಿಯಂತೆ ಹೇಳಿಸಿ: ಪರ್ಲೊ, ಪರ್ಲಿ, ಪರ್ಲ, ಪರ್ಲಿಯಾಮೊ, ಪರ್ಲಾತೆ, ಪರ್ಲನೊ. ಒಬ್ಬರು ಹೇಳಬೇಕು, ಮೂವರು ಮರುದನಿ ಕೊಡಬೇಕು. ಸರದಿ ತಿರುಗುತ್ತಿರಲಿ. ಕೊನೆಯದರಲ್ಲಿ ಮಕ್ಕಳು 'ಪರ್ಲಾನೊ' ಎಂದು ನಡುವೆ ಎಳೆಯುತ್ತಾರೆ, ಅದು ತಪ್ಪು. ದನಿಯ ಏರು ಮೊದಲ ಅಕ್ಷರಕ್ಕೇ ಬೀಳಬೇಕು. ನೀವು ತಿದ್ದಲು ಓಡಬೇಡಿ, ಗುಂಪೇ ತಿದ್ದಲಿ. ತರಗತಿಗೆ ಆರು ನಿಮಿಷ ಸಾಕು, ಜಾಸ್ತಿ ಮಾಡಿದರೆ ಬಾಯಿ ಮಾತ್ರ ಆಡುತ್ತದೆ.

'ನಾನು', 'ನೀನು' ಎಂದು ಪ್ರತಿ ಸಲ ಹೇಳಬೇಕೇ ಎಂದು ಕೇಳುತ್ತಾರೆ. ಬೇಡ. 'ಮಾತಾಡ್ತೀನಿ' ಎಂದರೆ ನಾನೇ, 'ಮಾತಾಡ್ತೀಯ' ಎಂದರೆ ನೀನೇ. ಇಟಾಲಿಯನ್ನಿನಲ್ಲೂ ಬಾಲವೇ ಆಳನ್ನು ಹೇಳುತ್ತದೆ.

ಮರ್ಯಾದೆಯ ಮಾತು ಇಲ್ಲೇ ಬರಲಿ. 'ಬರ್ರಿ, ಹೇಳ್ರಿ' ಎನ್ನುವ ಜಾಗದಲ್ಲೆಲ್ಲ ಲೇಯಿ, 'ಬಾ, ಹೇಳು' ಎನ್ನುವಲ್ಲಿ ತು. ನಮ್ಮಲ್ಲಿ ಮರ್ಯಾದೆಗೆ ಬಹುವಚನ, ಅಲ್ಲಿ 'ಅವಳು' ಎನ್ನುವಾಗ ಬರುವ ಏಕವಚನದ ರೂಪ. 'ಪರ್ಲ' ಎಂದರೆ ಅವಳು ಮಾತಾಡುತ್ತಾಳೆ, ತಾವು ಮಾತಾಡುತ್ತೀರಿ, ಎರಡೂ. ಹೈಸ್ಕೂಲಿನ ಇಟಾಲಿಯನ್ ಮಕ್ಕಳು ಮೇಷ್ಟರಿಗೆ ಲೇಯಿ ಎನ್ನುತ್ತಾರೆ, ಮನೆಯಲ್ಲಿ ಅಜ್ಜನಿಗೂ ತು. ಅವ್ವನನ್ನು 'ನೀ ಬಾ' ಎನ್ನುವ ನಮ್ಮ ಮಕ್ಕಳಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಲಿಂಗ: ಹಿಂದಿ ಮೇಷ್ಟರ ನೆರವು ಪಡೆಯಿರಿ

ಇದು ಕಷ್ಟದ ಪಾಠ. ಕನ್ನಡದಲ್ಲಿ ಬಾಗಿಲು, ಪುಸ್ತಕ ಎಲ್ಲ ನಪುಂಸಕ. ಇಟಾಲಿಯನ್ನಿನಲ್ಲಿ ನಪುಂಸಕವೇ ಇಲ್ಲ. ಆದರೆ ಹಿಂದಿಯಲ್ಲಿ ಕುರ್ಚಿ ಸ್ತ್ರೀಲಿಂಗವೆಂದು ಮಕ್ಕಳು ಆಗಲೇ ಒಪ್ಪಿಕೊಂಡಿದ್ದಾರೆ. ಸೇದಿಯ, ಅಂದರೆ ಕುರ್ಚಿ, ಇಲ್ಲೂ ಸ್ತ್ರೀಲಿಂಗ. ಒಕಾರದಲ್ಲಿ ಮುಗಿದರೆ ಹೆಚ್ಚಾಗಿ ಪುಲ್ಲಿಂಗ, ಅಕಾರದಲ್ಲಿ ಮುಗಿದರೆ ಸ್ತ್ರೀಲಿಂಗ. ಎಕಾರಾಂತದವು ಎರಡೂ ಆಗಬಹುದು. ಮಾನೊ, ಅಂದರೆ ಕೈ, ನಿಯಮ ಮೀರಿದ ಸ್ತ್ರೀಲಿಂಗ.

ತರಗತಿಯ ವಸ್ತುಗಳಿಗೆಲ್ಲ ಚೀಟಿ ಅಂಟಿಸಿ: ಲ ಪೊರ್ತ ಬಾಗಿಲು, ಲ ಫಿನೆಸ್ತ್ರ ಕಿಟಕಿ, ಇಲ್ ಬಂಕೊ ಬೆಂಚು, ಇಲ್ ಲೀಬ್ರೊ ಪುಸ್ತಕ. ಪುಲ್ಲಿಂಗ ನೀಲಿ, ಸ್ತ್ರೀಲಿಂಗ ಕೆಂಪು ಇಂಕು. ಹಿಂದಿನ ಇಲ್, ಲ ಬಿಟ್ಟು ಬರಿಯ ಪದವನ್ನು ಎಂದೂ ಕಲಿಸಬೇಡಿ. ಲೊ ಎನ್ನುವ ಮೂರನೆಯ ರೂಪವನ್ನು ಡಿಸೆಂಬರಿನ ತನಕ ಮುಂದೂಡಿ, ಏನೂ ಕೆಡುವುದಿಲ್ಲ.

ಜನವರಿ: ಓಬವ್ವನ ಕತೆ, ಕೋಟೆಯ ಪ್ರವಾಸ

ಭೂತಕಾಲಕ್ಕೆ ಪುಸ್ತಕದ ಉದಾಹರಣೆಗಳನ್ನು ಬಿಟ್ಟುಬಿಡಿ. ಚಿತ್ರದುರ್ಗದ ಓಬವ್ವನ ಕತೆ ಪ್ರತಿ ಮಗುವಿಗೂ ಗೊತ್ತು, ಮತ್ತು ಅದರಲ್ಲಿ ಬೇಕಾದ ವ್ಯಾಕರಣ ಪೂರ್ತಿ ಇದೆ. 'ಓಬವ್ವ ಎ ಅಂದಾತ ಅ ಪ್ರೆಂದೆರೆ ಲಕ್ಕ್ವ', ಓಬವ್ವ ನೀರು ತರಲು ಹೋದಳು. 'ಅ ವಿಸ್ತೊ ಉನ್ ಸೊಲ್ದಾತೊ', ಒಬ್ಬ ಸೈನಿಕನನ್ನು ನೋಡಿದಳು. 'ಅ ಪ್ರೇಸೊ ಇಲ್ ಪೆಸ್ತೆಲ್ಲೊ', ಒನಕೆ ತೆಗೆದುಕೊಂಡಳು. 'ಇಲ್ ಮರೀತೊ ಎ ತೊರ್ನಾತೊ', ಗಂಡ ಮರಳಿ ಬಂದನು. ಹೋಗು, ಬರು ಮುಂತಾದವುಗಳ ಹಿಂದೆ 'ಎ' ಬರುತ್ತದೆ, ಆಗ ಕ್ರಿಯಾಪದ ಅಂದಾತ, ತೊರ್ನಾತೊ ಎಂದು ಲಿಂಗ ತೋರಿಸುತ್ತದೆ, ನಮ್ಮ ಹೋದಳು, ಬಂದನು ಇದ್ದ ಹಾಗೆ. ನೋಡು, ತೆಗೆದುಕೊಳ್ಳು ಎನ್ನುವವುಗಳ ಹಿಂದೆ 'ಅ' ಬರುತ್ತದೆ, ಅಲ್ಲಿ ಓಬವ್ವನಿಗಾಗಿ ರೂಪ ಬದಲಾಗದು. ಎರಡು ವಾರ ಈ ಕತೆಯನ್ನೇ ಹಿಗ್ಗಿಸಿ, ನಾಟಕ ಮಾಡಿಸಿ.

ಆಮೇಲೆ ಬಸ್ಸು ಹತ್ತಿಸಿ ದುರ್ಗಕ್ಕೆ ಕರೆದೊಯ್ಯಿರಿ. ಕೋಟೆಯೊಳಗೆ ಕನ್ನಡವನ್ನು ಒಂದು ಗಂಟೆ ನಿಲ್ಲಿಸಿ. ಜೀರ ಅ ದೆಸ್ತ್ರ, ಬಲಕ್ಕೆ ತಿರುಗು. ಅ ಸಿನಿಸ್ತ್ರ, ಎಡಕ್ಕೆ. ಸಾಲಿ, ಹತ್ತು. ಶೆಂದಿ, ಇಳಿ. ಬಂಡೆಯ ಮೇಲೆ ಅತ್ತೆಂತೊ, ಹುಷಾರು. ಒಬ್ಬರು ಕಣ್ಣು ಮುಚ್ಚಿಕೊಂಡು ಇನ್ನೊಬ್ಬರ ಮಾತಿನಂತೆ ನಡೆಯುವ ಆಟವನ್ನು ಸಮತಟ್ಟಾದ ಅಂಗಳದಲ್ಲಿ ಮಾತ್ರ ಆಡಿಸಿ. ಊನೊ, ದೂಯೆ, ತ್ರೆ ಎಂದು ಸುತ್ತುಗಳನ್ನು ಎಣಿಸುತ್ತಾ ಸೆತ್ತೆಗೆ ಬಂದಾಗ ಏಳು ಸುತ್ತಿನ ಕೋಟೆ ಮುಗಿದಿರುತ್ತದೆ.

ಹೊತ್ತಿದ್ದರೆ ಚಂದ್ರವಳ್ಳಿಗೂ ಹೋಗಿ. ಅಲ್ಲಿನ ಉತ್ಖನನದಲ್ಲಿ ರೋಮಿನ ಚಕ್ರವರ್ತಿಗಳಾದ ಅಗಸ್ಟಸ್ ಮತ್ತು ಟೈಬೀರಿಯಸ್ ಕಾಲದ ಬೆಳ್ಳಿ ನಾಣ್ಯಗಳು ಸಿಕ್ಕಿವೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿ ಅಗೆಸಿದ್ದರು. ಆ ನಾಣ್ಯದ ಹೆಸರು ಲ್ಯಾಟಿನ್ನಿನಲ್ಲಿ ದೆನಾರಿಯುಸ್, ಅದರಿಂದಲೇ ಇಟಾಲಿಯನ್ನಿನ ದೆನಾರೊ, ಅಂದರೆ ದುಡ್ಡು. ಇಟಲಿ ಎಲ್ಲೋ ದೂರದ್ದು ಎಂದು ಕೂತಿದ್ದ ಮಕ್ಕಳು ಅಲ್ಲಿ ಕಾಲ ಕೆಳಗಿನ ಮಣ್ಣನ್ನು ನೋಡಿದ ರೀತಿ ನನಗೆ ಇನ್ನೂ ನೆನಪಿದೆ.

ಪರೀಕ್ಷೆ ಮತ್ತು ಮುಂದಿನ ವರ್ಷ

ಲಿಖಿತ ಪರೀಕ್ಷೆ ಬೇಡ. ಇಟಲಿಯ ಶಾಲೆಗಳಂತೆ ಹತ್ತಕ್ಕೆ ಅಂಕ ಕೊಡಿ, ಅಲ್ಲಿ ಆರು ಬಂದರೆ ಪಾಸು. ಒಂದು ಮಗು ಮೂರು ನಿಮಿಷ ನಿಮ್ಮೊಂದಿಗೆ ಮಾತಾಡಲಿ, ಅಷ್ಟೇ. ಒಂದು ವರ್ಷಕ್ಕೆ ಎ1 ಮುಗಿಯುವುದಿಲ್ಲ, ಈ ವೇಗದಲ್ಲಿ ಎರಡು ವರ್ಷ ಬೇಕು. ಮುಂದೆ ಪ್ರಮಾಣಪತ್ರ ಬೇಕೆನ್ನುವವರಿಗೆ ಸಿಯೆನದ ವಿದೇಶಿಯರ ವಿಶ್ವವಿದ್ಯಾಲಯದ ಚಿಲ್ಸ್, ಪೆರೂಜದ ಚೇಲಿ, 1889ರಲ್ಲಿ ಸ್ಥಾಪನೆಯಾದ ದಾಂತೆ ಅಲಿಗಿಯೇರಿ ಸಂಘದ ಪ್ಲೀದ ಪರೀಕ್ಷೆಗಳಿವೆ. ಪಿಯುಸಿ ಮುಗಿಸಿದ ಮೇಲೆ ಅದರ ಯೋಚನೆ ಮಾಡಿದರೆ ಸಾಕು.

ಆ್ಯಪ್ ಬಳಸಬಹುದೇ ಎಂದು ಮಕ್ಕಳು ಕೇಳಿದರೆ ಎರಡನೆಯ ವರ್ಷ ಬಳಸಲಿ. ಅಷ್ಟರಲ್ಲಿ ಅವರ ಇಟಾಲಿಯನ್ ಕನ್ನಡದ ಮೇಲೆ ನಿಂತಿರುತ್ತದೆ, ಇಂಗ್ಲಿಷ್ ಅದನ್ನು ಅಲುಗಿಸದು.

ಇನ್ನೊಂದು ಕೆಲಸವನ್ನು ಮರೆಯಬೇಡಿ. ಮೊದಲ ವಾರವೇ ಪ್ರತಿ ಮಗುವಿನ ಬಾಯಲ್ಲಿ ಪಾಲ-ಪಲ್ಲ, ಸೇತೆ-ಸೆತ್ತೆ ಹೇಳಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಡಿ. ಮಾರ್ಚಿನ ಕೊನೆಯ ತರಗತಿಯಲ್ಲಿ ಅದೇ ಮಗು ಓಬವ್ವನ ಕತೆ ಹೇಳುವುದನ್ನೂ ರೆಕಾರ್ಡ್ ಮಾಡಿ. ಎರಡನ್ನೂ ಮಗುವಿನ ಹೆಸರಿನ ಫೋಲ್ಡರಿನಲ್ಲಿ ಹಾಕಿ. ಬೇಸಿಗೆ ರಜೆ ಕಳೆದು ಜೂನಿನಲ್ಲಿ ಹೊಸ ಮಕ್ಕಳು ಬಂದು ಕೂತಾಗ, ಹಳಬರ ಅನುಮತಿ ಕೇಳಿ, ಮೊದಲು ಈ ಎರಡು ಧ್ವನಿ ಕೇಳಿಸಿ. ಆಮೇಲೆ ಗೇಟಿನ ಹತ್ತಿರ ಕರೆದುಕೊಂಡು ಹೋಗಿ, ಆಪೆ ಗಾಡಿ ಬರುವ ತನಕ ಕಾಯಿರಿ.